ಕಿವಿಗೆ ಬೀಳದ ಕಾರು

ನಾನು ಕಾರು ಓಡಿಸಲು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ತುಮಕೂರಿನ ನಮ್ಮ ಮನೆಯಿಂದ ಗುಬ್ಬಿಯ ಹೈಸ್ಕೂಲಿಗೆ ಸ್ಕೂಟರಿನಲ್ಲೇ ಹೋಗಿ ಬರುತ್ತಿದ್ದೆ. ಗಣಿತ ನನ್ನ ವಿಷಯ. ಹೈವೇಯಲ್ಲಿ ಲಾರಿಗಳ ಪಕ್ಕ ಮೈ ಬಿಗಿಹಿಡಿದು ಕೂತು ಕೂತು ಸೊಂಟ ಹೋಯಿತು. ಒಂದು ದಿನ ಕ್ಲಾಸಿನಲ್ಲಿ ಬಗ್ಗಿ ಸೀಮೆಸುಣ್ಣ ಎತ್ತಿಕೊಂಡವಳು ಮೇಲೇಳಲಾರದೆ ಹಾಗೇ ನಿಂತುಬಿಟ್ಟೆ. ಡಾಕ್ಟರು ಸ್ಕೂಟರ್ ಬಿಟ್ಟುಬಿಡಿ ಎಂದರು. ನಮ್ಮ ಯಜಮಾನರು ಒಂದು ತಿಂಗಳು ವಿಚಾರಿಸಿ, ಎರಡೇ ಬಾಗಿಲಿನ, ಪುಟ್ಟ ಬ್ಯಾಟರಿ ಕಾರೊಂದನ್ನು ಮನೆಗೆ ತಂದರು. "ಹೋಗಿಬರೋಕೆ ನಲವತ್ತು ಕಿಲೋಮೀಟರು. ಇದಕ್ಕಿಂತ ದೊಡ್ಡದು ಯಾಕೆ ಬೇಕು ನಿನಗೆ?" ಎಂದರು. ಅವರು ಸಿ.ಎಸ್. ಪುರದ ಕಡೆಯವರು, ತೆಂಗಿನ ತೋಟದ ಮನೆಯಲ್ಲಿ ಬೆಳೆದವರು. ಅಗತ್ಯಕ್ಕಿಂತ ದೊಡ್ಡದು ಯಾವುದನ್ನೂ ಅವರ ಮನಸ್ಸು ಒಪ್ಪುತ್ತಿರಲಿಲ್ಲ.

ಕಾಂಪೌಂಡಿನೊಳಗೆ ನೀರಿನ ಮೋಟರಿಗೆಂದು ಹಾಕಿಸಿದ್ದ ಪಾಯಿಂಟಿಗೇ ವೈರ್ ಸಿಕ್ಕಿಸಿ ಚಾರ್ಜ್ ಮಾಡುತ್ತಿದ್ದೆವು. ಎದ್ದ ತಕ್ಷಣ ಕಾಫಿಗೂ ಮುಂಚೆ ಹೋಗಿ ಅದರ ಪರ್ಸೆಂಟ್ ನೋಡುವುದು ನನಗೆ ಅಭ್ಯಾಸವಾಗಿ ಹೋಯಿತು. ದಾರಿಯಲ್ಲೂ ಅಷ್ಟೆ. ಕಣ್ಣು ಪದೇ ಪದೇ ಸ್ಟೇರಿಂಗಿನ ಹಿಂದಿನ ಆ ಅಂಕಿಯ ಮೇಲೆ ಹೋಗುತ್ತಿತ್ತು. ಅರ್ಧಕ್ಕಿಂತ ಹೆಚ್ಚಿದ್ದರೂ ಹೋಗುತ್ತಿತ್ತು. ಸ್ಕೂಟರಿನಲ್ಲಿ ಪೆಟ್ರೋಲ್ ಮುಳ್ಳನ್ನು ವಾರಕ್ಕೊಮ್ಮೆಯೂ ನೋಡದಿದ್ದವಳಿಗೆ ಈ ಚಟ ಹೇಗೆ ಹತ್ತಿತೋ ತಿಳಿಯದು. ಇದನ್ನು ಇಲ್ಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ಆದದ್ದಕ್ಕೆ ಕಾರು ಕಾರಣ ಎಂದು ನಾನೇ ಎಷ್ಟೋ ಸಲ ಅಂದುಕೊಂಡಿದ್ದೇನೆ. ಕಾರಲ್ಲ, ನನ್ನ ಕಣ್ಣು.

ನಮ್ಮ ಬೀದಿಯಲ್ಲಿ, ನಮ್ಮಿಂದ ಐದನೆಯ ಮನೆಯಲ್ಲಿ, ವಯಸ್ಸಾದವರೊಬ್ಬರು ಮಗಳೊಂದಿಗೆ ಬಾಡಿಗೆಗೆ ಇದ್ದರು. ಒಂದು ಕಾಲಕ್ಕೆ ಪೇಟೆಯಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟಿದ್ದವರು. ಕಣ್ಣಿನ ಒತ್ತಡದ ಕಾಯಿಲೆ ಬಂದು, ಐವತ್ತು ತುಂಬುವ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಬೀದಿಯವರೆಲ್ಲ ಅವರನ್ನು ವಾಚ್ ಸಾಬ್ರು ಎನ್ನುತ್ತಿದ್ದರು. ನಾನು ಸಾಬ್ರೇ ಎನ್ನುತ್ತಿದ್ದೆ. ಅವರಿಗೆ ನಾನು ಟೀಚರಮ್ಮ. ಮಗಳು ಮದುವೆ ಮುರಿದು ತಂದೆಯ ಹತ್ತಿರ ಬಂದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ನನಗಿಂತ ಆರೇಳು ವರ್ಷ ಚಿಕ್ಕವಳು. ನನ್ನ ರವಿಕೆಗಳೆಲ್ಲ ಅವಳ ಕೈಯವೇ. ಅಕ್ಕ ಅಕ್ಕ ಎಂದು ಬಾಯ್ತುಂಬ ಕರೆಯುತ್ತಿದ್ದಳು.

ಸಾಬ್ರು ದಿನಾ ಬೆಳಿಗ್ಗೆ ಕೋಲು ಹಿಡಿದು ಒಬ್ಬರೇ ಮೇನ್‌ರೋಡಿನ ಟೀ ಅಂಗಡಿಗೆ ಹೋಗಿ ಬರುತ್ತಿದ್ದರು. ಯಾರೂ ಕೈ ಹಿಡಿಯುವಂತಿರಲಿಲ್ಲ. ಚರಂಡಿಯ ಮೇಲಿನ ಚಪ್ಪಡಿಗಳು ಎಲ್ಲಿ ಮುಗಿಯುತ್ತವೆ, ಯಾವ ಮನೆಯ ಮುಂದೆ ರಸ್ತೆ ತಗ್ಗಾಗಿದೆ, ಎಲ್ಲ ಅವರ ಕಾಲಿಗೆ ಗೊತ್ತಿತ್ತು. ಉಳಿದದ್ದು ಕಿವಿಗೆ. ನನ್ನ ಸ್ಕೂಟರ್ ತಿರುವು ದಾಟುವಾಗಲೇ, "ಟೀಚರಮ್ಮಾ, ಕಾರ್ಬೊರೇಟರ್ ಕ್ಲೀನ್ ಮಾಡ್ಸಿ, ಕೆಮ್ತಾ ಐತೆ," ಎಂದು ಕೂಗಿ ಹೇಳುತ್ತಿದ್ದರು. ಕಾರು ಬಂದ ಮೂರು ವಾರಕ್ಕೆ ಮಗಳು ನಗುತ್ತಾ ಹೇಳಿದಳು: "ಅಕ್ಕಾ, ಟೀಚರಮ್ಮ ಕೆಲಸ ಬಿಟ್ರಾ, ಸ್ಕೂಟರ್ ಸದ್ದೇ ಇಲ್ವಲ್ಲ ಅಂತ ಅಬ್ಬಾ ಕೇಳ್ತಿದ್ರು. ಕಾರ್ ತಗೊಂಡವ್ರೆ ಅಂದ್ರೆ ನಂಬಲೇ ಇಲ್ಲ." ನಾನೂ ನಕ್ಕೆ. ಹೋಗಿ ಒಂದು ಮಾತು ಹೇಳಬೇಕೆಂದುಕೊಂಡೆ. ಹೋಗಲಿಲ್ಲ.

ಅದಾಗಿ ನಾಲ್ಕೈದು ದಿನ ಕಳೆದಿರಬೇಕು. ಜನವರಿಯ ಚಳಿ. ಕಾರಿನ ಗಾಜು ಪೂರ್ತಿ ಏರಿಸಿದ್ದೆ. ಬೀದಿಯ ತಿರುವಿನಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು, ಎಂ-ಸ್ಯಾಂಡ್ ಮರಳಿನ ರಾಶಿ ಅರ್ಧ ರಸ್ತೆಗೆ ಹರಡಿತ್ತು. ಕೆಲಸದವರು ಇನ್ನೂ ಬಂದಿರಲಿಲ್ಲ. ನಡೆಯುವವರ ವೇಗದಲ್ಲೇ ತಿರುವು ತೆಗೆದುಕೊಂಡೆ. ಆಗ ಕಣ್ಣು ಕೆಳಗೆ ಹೋಯಿತು. ಎದ್ದಾಗ ನೋಡಿದ್ದ ಅದೇ ಎಂಬತ್ತೆರಡು ಪರ್ಸೆಂಟ್. ರಾತ್ರಿಯೆಲ್ಲ ಹಾಕಿದ್ದರೂ ಯಾಕೆ ನೂರಾಗಿಲ್ಲ ಎಂದುಕೊಂಡು ತಲೆ ಎತ್ತುವಷ್ಟರಲ್ಲಿ ಸಾಬ್ರು ಚಪ್ಪಡಿಯಿಂದ ರಸ್ತೆಗೆ ಇಳಿದಿದ್ದರು. ಕೋಲನ್ನು ಮುಂದೆ ಊರಿ ಅದರ ಮೇಲೆ ಭಾರ ಬಿಟ್ಟಿದ್ದರು. ಬ್ರೇಕ್ ಒತ್ತಿದೆ. ಕಾರು ಅವರ ಮೈಗೆ ತಾಗಲಿಲ್ಲ. ಬಂಪರಿನ ಮೂಲೆ ಕೋಲನ್ನು ಮಾತ್ರ ಗುಡಿಸಿ ಹಾಕಿತು. ಊರಿದ ಕೋಲು ಹೋದಮೇಲೆ ಅವರು ಪಕ್ಕಕ್ಕೆ ವಾಲಿ, ಬಲಗೈ ಊರಿಕೊಂಡು ಬಿದ್ದರು.

ಬಾಗಿಲು ತೆರೆದು ಓಡಿದೆ. "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಯಾರಮ್ಮ ಅದು?"

"ನಾನು ಸಾಬ್ರೇ. ಟೀಚರ್."

"ಎಂಥಾ ಹೊತ್ತಿಗೆ ಬಂದ್ರಿ ತಾಯಿ! ಮರಳಿಗೆ ಕೋಲು ಜಾರ್ಬಿಡ್ತು ನೋಡಿ. ಕಾಲು ಎಲ್ಲಿಟ್ನೋ ಏನೋ. ಕೋಲೆಲ್ಲಿ ಐತೆ?"

ಕೋಲು ಕಾರಿನ ಮುಂದಿನ ಚಕ್ರದ ಕೆಳಗಿತ್ತು. ಎಳೆದು ಅವರ ಎಡಗೈಗೆ ಕೊಟ್ಟೆ. ಆಗ ಹೇಳಬಹುದಿತ್ತು. ಹೇಳುವ ಮಾತು ನಾಲಗೆಯವರೆಗೂ ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬರಲಿಲ್ಲ. ನಾನು ಮೊದಲು ಮಾಡಿದ್ದು ಬೀದಿಯ ಎರಡೂ ಕಡೆ ನೋಡಿದ್ದು. ಯಾರೂ ಇರಲಿಲ್ಲ.

ಮಗಳನ್ನು ಕರೆತಂದೆ. ಇಬ್ಬರೂ ಸೇರಿ ಸಾಬ್ರನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಎರಡೇ ಬಾಗಿಲಾದ್ದರಿಂದ ಅವಳು ಮುಂದಿನ ಸೀಟು ಮಡಚಿ ಹಿಂದೆ ನುಸುಳಿದಳು. ಸಾಬ್ರು ಮುಂದೆ ಕೂತು ಕಣ್ಣು ಮುಚ್ಚಿ ನೋವು ನುಂಗುತ್ತಿದ್ದರು. ಮಣಿಕಟ್ಟು ಮುರಿದಿತ್ತು, ಸೊಂಟದ ಮೂಳೆಗೆ ಏನೂ ಆಗಿರಲಿಲ್ಲ. ಪ್ಲಾಸ್ಟರ್ ಹಾಕುವಾಗ ಮಗಳು ಹೊರಗೆ ಬೆಂಚಿನ ಮೇಲೆ ನನ್ನ ಕೈ ಹಿಡಿದು ಅತ್ತಳು. "ನೀವು ಇಲ್ದಿದ್ರೆ ಏನ್ ಗತಿಯಕ್ಕ," ಎಂದಳು. ಅವಳ ಕೈ ಬೆಚ್ಚಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು, "ಯಾರೂ ನೋಡಿಲ್ಲ ತಾನೆ?" ಎಂದರು.

"ಇಲ್ಲ."

"ಹಂಗಾದ್ರೆ ಬುಡು. ಈಗ ಹೇಳಿ ಅವರ ಕೈ ಕೂಡುತ್ತಾ? ಆಸ್ಪತ್ರೆಗೆ ಕರ್ಕೊಂಡು ಹೋಗಿದೀಯ, ಬೇಕಾದ್ದು ಮಾಡು. ಸುಮ್ನೆ ಎರಡು ಮನೆಗೂ ಮನಸ್ತಾಪ."

ಅವರು ಕೆಟ್ಟವರಲ್ಲ. ಬೇರೆಯವರ ಮಾತಾಗಿದ್ದರೆ ನಾನೂ ಹೀಗೇ ಹೇಳುತ್ತಿದ್ದೆನೇನೋ. ಬೇಕಾದ್ದನ್ನು ಮಾಡಿದೆ. ವಾರಕ್ಕೆರಡು ದಿನ ಅನ್ನ ಸಾರು ಕಳಿಸಿದೆ. ಡಾಕ್ಟರ ಬಳಿಗೆ ಮತ್ತೆ ಹೋಗುವಾಗಲೆಲ್ಲ ರಜೆ ಹಾಕಿ ಕರೆದುಕೊಂಡು ಹೋದೆ. ಬೀದಿಯಲ್ಲಿ ನನ್ನ ಹೆಸರು ಒಳ್ಳೆಯದಾಗುತ್ತಾ ಹೋಯಿತು. ಪಕ್ಕದ ಮನೆಯಾಕೆ, "ನಿಮ್ಮಂಥೋರು ಇರೋದ್ರಿಂದ ಮಳೆ ಬೆಳೆ ಆಗ್ತಿರೋದು," ಎಂದಾಗ ನಾನು ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡೆ.

ಪ್ಲಾಸ್ಟರ್ ತೆಗೆದರು. ಕೈ ಸರಿಹೋಯಿತು. ಆದರೆ ಸಾಬ್ರು ಮನೆಯಿಂದ ಹೊರಗೆ ಬರಲಿಲ್ಲ. ರಂಜಾನ್ ತಿಂಗಳು ಬಂತು, ಮಸೀದಿಗೂ ಹೋಗದೆ ನಮಾಜೆಲ್ಲ ಮನೆಯಲ್ಲೇ ಮಾಡಿದರು. ಹಬ್ಬದ ದಿನ ಮಗಳು ಡಬ್ಬಿಯಲ್ಲಿ ಸುರ್ಕುಂಬಾ, ಹಾಲು ಶಾವಿಗೆಯ ಪಾಯಸ, ತಂದುಕೊಟ್ಟು ಅಲ್ಲೇ ನಿಂತಳು.

"ಅಕ್ಕಾ, ಅಬ್ಬಾಗೆ ಒಂದು ಮಾತು ಹೇಳ್ತೀರಾ? ನಿಮ್ಮ ಮಾತು ಕೇಳ್ತಾರೆ. ಕೈ ನೋವಿಲ್ಲ, ಕಾಲು ಸರಿಯಾಗೈತೆ. ಆದ್ರೂ ಹೊಸ್ತಿಲು ದಾಟ್ತಿಲ್ಲ. ನಮ್ಮ ದೊಡ್ಡಪ್ಪಂಗೆ ಮರೆವಿನ ಕಾಯಿಲೆ ಬಂದಿತ್ತು. ನಂಗೂ ಅದೇ ಶುರುವಾಗೈತೆ ಅಂತ ಕೂತ್ಬಿಟ್ಟವ್ರೆ."

ಆ ಭಾನುವಾರ ಹೋದೆ. ಅವಳು ಕಿಟಕಿಯ ಹತ್ತಿರ ಮಿಷನ್ ತುಳಿಯುತ್ತಿದ್ದಳು. ಸಾಬ್ರು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಎರಡೂವರೆ ತಿಂಗಳಿಗೆ ಹತ್ತು ವರ್ಷ ಹೆಚ್ಚಾದವರಂತೆ ಕಂಡರು. ಯಾಕೆ ಸಾಬ್ರೇ ಹೊರಗೆ ಬರ್ತಿಲ್ಲ ಎಂದೆ.

"ಟೀಚರಮ್ಮ, ನಿಮಗೆ ಹೇಳ್ತೀನಿ, ಮಗಳಿಗೆ ಪೂರ್ತಿ ಹೇಳಿಲ್ಲ," ಎಂದು ದನಿ ತಗ್ಗಿಸಿದರು. ಮಿಷನ್ ಸದ್ದಿನಲ್ಲಿ ಅವಳಿಗೆ ಕೇಳುವುದಿಲ್ಲ ಎಂದುಕೊಂಡಿದ್ದರು. "ಅವತ್ತು ಚಪ್ಪಡಿ ಮೇಲೆ ಹದಿನೇಳು ಹೆಜ್ಜೆ ಎಣಿಸಿ ಇಳಿದಿದ್ದೆ. ಯಾವಾಗ್ಲೂ ಹದಿನೇಳೇ. ಕಿವಿ ಕೊಟ್ಟು ಕೇಳಿದ್ದೆ, ಯಾವ ಗಾಡೀನೂ ಇರ್ಲಿಲ್ಲ. ಕೋಲು ಗಟ್ಟಿಯಾಗಿ ಊರಿದ್ದೆ. ಆದ್ರೂ ಬಿದ್ದೆ. ಅಂದ್ರೆ ಏನರ್ಥ? ನಾನು ಸರಿ ಅಂತ ಅಂದ್ಕೊಂಡಿದ್ದು ಸರಿ ಇರ್ಲಿಲ್ಲ. ನಮ್ಮಣ್ಣಂಗೂ ಹಿಂಗೇ ಶುರುವಾಗಿದ್ದು. ಈಗ ಬಚ್ಚಲಿಗೆ ಹೋಗೋಕೂ ಗೋಡೆ ಹಿಡ್ಕೊಂಡು ಹೋಗ್ತೀನಿ. ದಿನಾ ಹಳೇ ಗಿರಾಕಿಗಳ ಹೆಸರು ಹೇಳ್ಕೊಂಡು ನನ್ನ ನಾನೇ ಪರೀಕ್ಷೆ ಮಾಡ್ಕೊತೀನಿ."

ನನ್ನ ಸುಮ್ಮನಿರುವಿಕೆಯಿಂದ ಯಾರಿಗೂ ನಷ್ಟವಿಲ್ಲ ಎಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅವರ ಕೈ ಮುರಿದದ್ದು ಒಂದು ಕ್ಷಣದ ತಪ್ಪು. ಅದಾದಮೇಲೆ ದಿನಾ ಕೂತು ಅವರನ್ನು ಅವರ ಮೇಲೇ ಅನುಮಾನಪಡುವಂತೆ ಮಾಡಿದವಳು ನಾನೇ.

"ಸಾಬ್ರೇ, ನೀವು ಸರಿಯಾಗೇ ಇಳಿದಿದ್ರಿ," ಎಂದೆ. "ಗಾಡಿ ಇತ್ತು. ನಂದೇ ಗಾಡಿ. ನನ್ನ ಕಾರು ನಿಮ್ಮ ಕೋಲಿಗೆ ಹೊಡೀತು. ಅದಕ್ಕೆ ಸದ್ದಿಲ್ಲ. ನಾನು ಮುಂದೆ ನೋಡ್ತಿರ್ಲಿಲ್ಲ."

ಮಿಷನ್ ನಿಂತಿತು.

ಸಾಬ್ರು ನನ್ನ ಕಡೆ ಮುಖ ತಿರುಗಿಸಿದರು. ಬೈಯುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ. ಯಾವ ಕಡೆಯಿಂದ ಬಂದೆ, ಎಷ್ಟು ನಿಧಾನವಾಗಿದ್ದೆ, ಕೋಲಿನ ಯಾವ ಭಾಗಕ್ಕೆ ತಾಗಿತು, ಬಿದ್ದ ಕೋಲು ಎಲ್ಲಿತ್ತು. ಬಿಚ್ಚಿಟ್ಟ ವಾಚನ್ನು ಮತ್ತೆ ಜೋಡಿಸುವವರಂತೆ ಒಂದೊಂದನ್ನೇ ಕೇಳಿದರು. ನಾನು ಒಂದೊಂದಕ್ಕೇ ಉತ್ತರ ಕೊಟ್ಟೆ.

"ಹದಿನೇಳಕ್ಕೇ ಇಳಿದಿದ್ನಾ?"

"ಚಪ್ಪಡಿ ಎಲ್ಲಿ ಮುಗಿಯುತ್ತೋ ಅಲ್ಲೇ ಇಳಿದಿದ್ರಿ."

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. "ಎರಡೂವರೆ ತಿಂಗಳು, ಟೀಚರಮ್ಮ," ಎಂದರು. ಅಷ್ಟೆ. ನಾನು ತಲೆ ತಗ್ಗಿಸಿದ್ದು ಅವರಿಗೆ ಕಾಣುವಂತಿರಲಿಲ್ಲ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಹೇಳಿದೆ.

ಮಗಳು ಎದ್ದು ಬಾಗಿಲ ಹತ್ತಿರ ನಿಂತಿದ್ದಳು. "ಆಸ್ಪತ್ರೇಲಿ ನಿಮ್ಮ ಕೈ ಹಿಡ್ಕೊಂಡು ಅತ್ನಲ್ಲ ನಾನು," ಎಂದಳು. ಕೂಗಲಿಲ್ಲ. "ಎದ್ದು ಹೋಗಿ ಮೇಡಂ."

ಮೇಡಂ ಎಂದದ್ದು ಕಿವಿಗೆ ಬಿದ್ದ ಮೇಲೆ ಅಲ್ಲಿ ಕೂರಲಾಗಲಿಲ್ಲ. ಹೊಲಿಯಲು ಕೊಟ್ಟಿದ್ದ ಎರಡು ರವಿಕೆ ಬಟ್ಟೆಗಳು ಮಾರನೆಯ ದಿನ ಕತ್ತರಿಸದೆಯೇ ನಮ್ಮ ಗೇಟಿಗೆ ವಾಪಸು ಬಂದವು. ಸುದ್ದಿ ಬೀದಿಗೂ ಹಬ್ಬಿತು. ಪಕ್ಕದ ಮನೆಯಾಕೆ ಮಾತು ಕಡಿಮೆ ಮಾಡಿದರು. ಯಜಮಾನರು ಮಾತ್ರ ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಆ ವಾರವೆಲ್ಲ ಅವರೇ ಬೆಳಿಗ್ಗೆ ಎದ್ದು ಕಾರಿನ ವೈರ್ ತೆಗೆದು ಸುತ್ತಿಡುತ್ತಿದ್ದರು.

ಎರಡು ವಾರದ ಮೇಲೆ ಸಾಬ್ರೇ ಫೋನ್ ಮಾಡಿದರು. "ಭಾನುವಾರ ಬೆಳಿಗ್ಗೆ ಗಾಡಿ ತಗೊಂಡು ಬನ್ನಿ. ಹೊರಗಿಂದ ಅದರ ಸದ್ದು ಹೆಂಗಿರುತ್ತೆ ತಿಳ್ಕೋಬೇಕು."

"ಅದಕ್ಕೆ ಸದ್ದಿಲ್ಲ ಸಾಬ್ರೇ."

"ಓಡೋ ವಸ್ತುಗೆ ಸದ್ದಿಲ್ದೆ ಇರಲ್ಲ. ಬನ್ನಿ."

ಹೋದೆ. ಅವರು ತಮ್ಮ ಮನೆಯ ಕಾಂಪೌಂಡಿಗೆ ಅಂಗೈ ಒತ್ತಿ ನಿಂತಿದ್ದರು. ಮಗಳು ಒಳಬಾಗಿಲಲ್ಲಿ ಕೈಕಟ್ಟಿ ನಿಂತು ನನ್ನ ಕಡೆ ನೋಡದೆ ಅವರನ್ನೇ ನೋಡುತ್ತಿದ್ದಳು. ಬೀದಿಯ ಆ ತುದಿಯಿಂದ ಈ ತುದಿಗೆ ಕಾರು ಓಡಿಸಿದೆ. ಮೊದಲ ಸಲ ನಾನು ದಾಟಿ ಹೋದದ್ದೇ ಅವರಿಗೆ ತಿಳಿಯಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಟೈರಿಗೆ ಸಿಕ್ಕ ಸಣ್ಣ ಕಲ್ಲಿನ ಸದ್ದು ಹಿಡಿದರು. ಆಮೇಲೆ, "ವೇಗ ಏರಿಸುವಾಗ ಸೊಳ್ಳೆ ಕೂಗಿದಂಗೆ ಒಂದು ದನಿ ಬರುತ್ತೆ, ಅಲ್ವಾ?" ಎಂದರು. ನಾನು ಅಷ್ಟು ದಿನ ಓಡಿಸಿದ್ದರೂ ಅದನ್ನು ಕೇಳಿರಲಿಲ್ಲ. ಒಂಬತ್ತನೆಯ ಸಲ ನಾನಿನ್ನೂ ಲೈಟ್ ಕಂಬ ದಾಟುವ ಮುಂಚೆಯೇ ಅವರ ಕೈ ಮೇಲೆದ್ದಿತು.

ಕಾರು ನಿಲ್ಲಿಸಿ ಇಳಿದೆ. ಅವರ ಹಣೆಯಲ್ಲಿ ಬೆವರಿತ್ತು. "ನಿಮ್ದು ಗೊತ್ತಾಯ್ತು," ಎಂದರು. "ಆದ್ರೆ ಈಗ ಎಲ್ಲರೂ ಇಂಥಾವೇ ತರ್ತಾವ್ರಂತಲ್ಲ. ಸ್ಕೂಟರು, ಆಟೋ ಎಲ್ಲ. ಎಷ್ಟು ಅಂತ ಕಲೀಲಿ?" ಕಾಂಪೌಂಡಿನ ಗೋಡೆ ಸವರುತ್ತಾ ಒಳಗೆ ಹೋದರು.

ಮತ್ತೆ ನಡೆಯತೊಡಗಿದರು, ಮಸೀದಿಯವರೆಗೆ ಮಾತ್ರ. ಮೇನ್‌ರೋಡಿನ ಟೀ ಅಂಗಡಿಗೆ ಮತ್ತೆಂದೂ ಹೋಗಲಿಲ್ಲ. ನಾನು ಚಳಿಯಿರಲಿ ಮಳೆಯಿರಲಿ ಗಾಜು ಇಳಿಸಿಕೊಂಡೇ ಬೀದಿ ದಾಟುತ್ತಿದ್ದೆ. ಅವರು ಕಂಡರೆ, "ಸಾಬ್ರೇ, ನಾನು" ಎನ್ನುತ್ತಿದ್ದೆ. "ಗೊತ್ತಾಯ್ತು ಹೋಗಿ ತಾಯಿ," ಎನ್ನುತ್ತಿದ್ದರು. ಮಗಳು ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು.

ಒಂದೂವರೆ ವರ್ಷ ಹೀಗೇ ಹೋಯಿತು. ಆಮೇಲೆ ಮನೆ ಮಾಲೀಕರು ಆ ಮನೆ ಕೆಡವಿ ಮಹಡಿ ಮನೆ ಕಟ್ಟಿಸಬೇಕೆಂದರು. ಮಗಳಿಗೆ ಕುಣಿಗಲ್ಲಿನಲ್ಲಿ ಸೋದರಮಾವನ ಕಡೆಯಿಂದ ಒಂದು ಸಣ್ಣ ಮನೆ ಸಿಕ್ಕಿತು, ಮುಂದಿನ ಕೋಣೆಯಲ್ಲಿ ಟೈಲರಿಂಗ್ ಅಂಗಡಿ ಇಡಬಹುದಿತ್ತು. ಹೋಗುವ ದಿನ ಸಾಬ್ರು ನಮ್ಮ ಗೇಟಿಗೆ ಬಂದು ಹೇಳಿಹೋದರು. ಎಪ್ಪತ್ತೆರಡರಲ್ಲಿ ಹೊಸ ಬೀದಿ ಕಲಿಯಬೇಕು ಎಂದು ನಕ್ಕರು. ಕಲಿಯಲಿಲ್ಲ ಎಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಅಲ್ಲಿನ ರಸ್ತೆಯಲ್ಲಿ ಬಸ್ಸು ಲಾರಿಗಳ ಗದ್ದಲ ಹೆಚ್ಚು, ಯಾವುದೂ ಬೇರೆಯಾಗಿ ಕೇಳುವುದಿಲ್ಲ ಎನ್ನುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ಸ್ಟಾಫ್ ರೂಮಿನಲ್ಲಿದ್ದಾಗ ಬಂತು. ಹಿಂದಿನ ದಿನ ಕರೆಂಟ್ ಇಲ್ಲದೆ ಕಾರು ಚಾರ್ಜ್ ಆಗಿರಲಿಲ್ಲ, ಅರ್ಧಕ್ಕಿಂತ ಕಡಿಮೆ ಇತ್ತು. ಮನೆಗೆ ಹೋಗಿ ಬರುವಷ್ಟು ತಾಳ್ಮೆಯಿರಲಿಲ್ಲ. ಗುಬ್ಬಿಯಿಂದ ನೇರ ಸಿ.ಎಸ್. ಪುರದ ಮೇಲೆ ಹೊರಟೆ. ಕೊತ್ತಗೆರೆ ದಾಟುವಾಗ ಏಸಿ, ರೇಡಿಯೋ ಎಲ್ಲ ಆರಿಸಿದ್ದೆ. ಕುಣಿಗಲ್ ಮುಟ್ಟಿದಾಗ ಹನ್ನೊಂದು ಪರ್ಸೆಂಟ್ ಉಳಿದಿತ್ತು. ಗಂಡಸರು ಮಣ್ಣು ಮಾಡಿ ವಾಪಸಾಗಿದ್ದರು.

ಮಗಳು ಒಳಗೆ ಹೆಂಗಸರ ನಡುವೆ ಕೂತಿದ್ದಳು. ಸ್ವಲ್ಪ ಹೊತ್ತು ಕೂತು ಎದ್ದೆ. ಹೊರಗೆ ಅವಳ ಸೋದರಮಾವನನ್ನು ಇಲ್ಲೆಲ್ಲಾದರೂ ಕಾರು ಚಾರ್ಜ್ ಮಾಡುವ ಜಾಗವಿದೆಯೇ ಎಂದು ಕೇಳುತ್ತಿದ್ದೆ. ಇತ್ತಂತೆ, ಆದರೆ ಕೆಟ್ಟು ನಿಂತು ತಿಂಗಳಾಗಿತ್ತಂತೆ. ಅವಳು ಬಾಗಿಲಿಗೆ ಬಂದಳು.

"ವೈರ್ ಇಲ್ಲಿ ಕೊಡಿ," ಎಂದಳು.

ಇಸ್ತ್ರಿಪೆಟ್ಟಿಗೆಯ ಪಾಯಿಂಟಿಗೆ ಅವಳೇ ಸಿಕ್ಕಿಸಿದಳು. "ಎಷ್ಟೊತ್ತು ಬೇಕು?"

"ಮೂರು ನಾಲ್ಕು ಗಂಟೆ."

ಸ್ಟೂಲು ಎಳೆದು ಹಾಕಿದಳು.

ಆ ಮುಂದಿನ ಕೋಣೆಯಲ್ಲಿ, ಬಟ್ಟೆ ಹೊದಿಸಿದ್ದ ಮಿಷನ್ ಪಕ್ಕ ಸಂಜೆಯವರೆಗೆ ಕೂತೆ. ಜನ ಬಂದರು, ಹೋದರು. ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ, ಪಕ್ಕದ ಮನೆಯವರು ಅನ್ನ, ಬೇಳೆಯ ದಾಲ್ಚಾ ತಂದಿಟ್ಟರು. ಅವಳು ಒಂದು ತಟ್ಟೆ ನನ್ನ ಮುಂದಿಟ್ಟು, ಇನ್ನೊಂದನ್ನು ತಾನು ಹಿಡಿದು ಎದುರಿಗೇ ನೆಲದ ಮೇಲೆ ಕೂತಳು. ಎರಡು ತುತ್ತಾದ ಮೇಲೆ ತಲೆ ಎತ್ತದೆ ಹೇಳಿದಳು:

"ಅಬ್ಬಾ ನಿಮ್ಮನ್ನ ಅವತ್ತೇ ಮಾಫ್ ಮಾಡಿದ್ರು. ನನ್ನ ಕೈಲಿ ಆಗ್ಲಿಲ್ಲ. ಇವತ್ತೂ ಆಗ್ತಿಲ್ಲ."

"ಮಾಡು ಅಂತ ನಾನು ಕೇಳಲ್ಲ," ಎಂದೆ.

"ಕೇಳ್ಬೇಡಿ. ಊಟ ಮಾಡಿ."

ಊಟ ಮಾಡಿದೆವು. ಆಮೇಲೆ ಅವಳು ತಂದೆಯ ಕೊನೆಯ ವಾರದ ಬಗ್ಗೆ ಹೇಳಿದಳು. ಜ್ವರ ಬಂದದ್ದು, ಎದೆಗೆ ಕಫ ಕಟ್ಟಿದ್ದು, ಕೊನೆಯ ದಿನ ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದು. ನಾನು ಕೇಳುತ್ತಾ ಕೂತೆ. ಕಾರು ಚಾರ್ಜ್ ಆಗಿ ಬಹಳ ಹೊತ್ತಾದ ಮೇಲೂ ಕೂತಿದ್ದೆ.

ನಲವತ್ತನೆಯ ದಿನದ ಕುರಾನ್ ಓದಿಗೆ ಯಜಮಾನರೊಂದಿಗೆ ಹೋದೆ. ಎಲ್ಲ ಮುಗಿದು ಹೊರಡುವಾಗ ಅವಳು ದುಪಟ್ಟಾ ತಲೆಮೇಲೆ ಎಳೆದುಕೊಂಡು, "ಖಬರಸ್ತಾನದವರೆಗೂ ಕರ್ಕೊಂಡು ಹೋಗ್ತೀರಾ? ನಮ್ಮ ಕಡೆ ಹೆಂಗಸರು ಒಳಗೆ ಹೋಗಲ್ಲ. ಹೊರಗಿಂದ ನೋಡಿದ್ರೆ ಸಾಕು," ಎಂದಳು. ಯಜಮಾನರು ಸೋದರಮಾವನ ಜೊತೆ ಅಲ್ಲೇ ಉಳಿದರು. ಅವಳು ಮುಂದೆ, ನನ್ನ ಪಕ್ಕ ಕೂತಳು.

ಊರ ಹೊರಗಿನ ಗೋಡೆಯ ಪಕ್ಕ ನಿಲ್ಲಿಸಿದೆ. ಬಿಸಿಲು ಇಳಿದಿತ್ತು. ಗೋಡೆ ಕುಸಿದಿದ್ದ ಒಂದು ಕಡೆಯಿಂದ ಒಳಗಿನ ಬೇವಿನ ಮರ ಕಾಣುತ್ತಿತ್ತು.

"ಆ ಮರದ ಎಡಗಡೆ ಅಂತೆ," ಎಂದಳು.

ಇಬ್ಬರೂ ಆ ಕಡೆ ನೋಡುತ್ತಾ ಕೂತೆವು. ಅವಳ ತುಟಿ ಅಲುಗುತ್ತಿತ್ತು, ಪ್ರಾರ್ಥನೆ ಇರಬೇಕು. ಮುಗಿಯುವವರೆಗೂ ಕಾದೆ. ಮುಗಿದ ಮೇಲೂ ಅವಳು ಹೊರಡೋಣ ಎನ್ನಲಿಲ್ಲ, ನಾನೂ ಕೇಳಲಿಲ್ಲ.